ಮೆಟ್ಟಿಲು ಮುಚ್ಚಿದ ಬಾವಿ

ಕಾಗದದ ಪ್ರಕಾರ ಆ ಬಾವಿಯ ಮೆಟ್ಟಿಲುಗಳನ್ನು ಮುಚ್ಚಿ ಎರಡು ವರ್ಷವಾಗಿತ್ತು. ಗೋಡೆ ಎದ್ದಿದೆ, ರಾಟೆಗಳು ಕೂತಿವೆ, ಊರವರೆಲ್ಲ ಮೇಲಿನಿಂದಲೇ ನೀರು ಸೇದುತ್ತಿದ್ದಾರೆ ಎಂದು ಇಲಾಖೆ ಸಹಿ ಹಾಕಿ ಕಳಿಸಿತ್ತು. ಆ ಸಹಿ ನಿಜವೋ ಸುಳ್ಳೋ ನೋಡಿ ಬರುವುದು ನನ್ನ ಕೆಲಸ. ಪೊಲೀಸ್ ಆ್ಯಕ್ಷನ್ ಮುಗಿದು ಕೆಲವು ವರ್ಷಗಳಾಗಿದ್ದವು. ಹೈದರಾಬಾದಿನಲ್ಲಿ ಹೊಸ ಸರ್ಕಾರ, ಹೊಸ ಮಂತ್ರಿಗಳು, ಹೊಸ ಪ್ರಶ್ನೆಗಳು. ಹಳ್ಳಿಗೆಂದು ಮಂಜೂರಾದದ್ದು ಹಳ್ಳಿಗೆ ತಲುಪಿತೇ ಎಂದು ಮೇಲೆ ಯಾರೋ ಕೇಳಿದರು. ಕೆಳಗೆ ನಾನು ಒಂದು ಟೇಪು, ಕಬ್ಬಿಣದ ಗುಂಡು ಕಟ್ಟಿದ ದಾರ, ಗಾರೆ ಕೆರೆದು ನೋಡಲು ಒಂದು ಮೊಳೆ ಹಿಡಿದುಕೊಂಡು ಬಿಸಿಲಿಗೆ ಬಿದ್ದೆ.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಆಗ ಎಷ್ಟೋ ಊರುಗಳಿಗೆ ಕುಡಿಯುವ ನೀರೆಂದರೆ ಮೆಟ್ಟಿಲ ಬಾವಿಯ ನೀರೇ. ಜನರ ಬಾಯಲ್ಲಿ ಪಾವಟಿಗಿ ಬಾವಿ. ಕೊಡ ಹಿಡಿದು ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಮುಳುಗಿಸಿ ತರುವುದು. ಕಾಲಲ್ಲಿ ನಾರು ಹುಣ್ಣು ಆದವರೂ ಹಾಗೆಯೇ ಇಳಿಯುವರು. ಹುಣ್ಣಿನೊಳಗಿನ ಹುಳು ನೀರಿಗೆ ಮರಿ ಬಿಡುತ್ತದೆ. ಆ ನೀರು ಕುಡಿದವರ ಮೈಯಲ್ಲಿ ಅದು ವರ್ಷವಿಡೀ ಬೆಳೆದು ಮುಂದಿನ ಬೇಸಿಗೆಗೆ ಕಾಲು ಸೀಳಿಕೊಂಡು ಹೊರಗೆ ಬರುತ್ತದೆ. ಬಿಳಿ ದಾರದಂಥ ಹುಳು. ಜಗ್ಗಿದರೆ ಹರಿದು ಒಳಗೇ ಕೊಳೆಯುತ್ತದೆ. ಆದ್ದರಿಂದ ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲದಷ್ಟು ಹೊರಗೆಳೆಯುತ್ತ ವಾರಗಟ್ಟಲೆ ಕಾಯಬೇಕು. ನನ್ನ ತಂಗಿ ಹುಟ್ಟಿದ ಮರುವರ್ಷ ನನ್ನ ಅವ್ವ ಹಾಗೆ ಕಾದಿದ್ದಳು. ಕಡ್ಡಿಯನ್ನು ಕಾಲಿಗೆ ಬಟ್ಟೆಯಿಂದ ಕಟ್ಟಿಕೊಂಡು ಕೂತಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಸಾಯುವವರೆಗೂ ಕುಂಟಿದಳು. ಹೀಗಾಗಿ ಮೆಟ್ಟಿಲು ಮುಚ್ಚುವ ಈ ಯೋಜನೆಯ ಮೇಲೆ ನನಗೆ ನೌಕರಿಗಿಂತ ಹೆಚ್ಚಿನ ಮಮತೆ ಇತ್ತು. ಅದರಲ್ಲಿ ಸುಳ್ಳು ಬರೆದವರ ಮೇಲೆ ನೌಕರಿಗಿಂತ ಹೆಚ್ಚಿನ ಸಿಟ್ಟೂ ಇತ್ತು.

ನನ್ನ ತನಿಖೆಗೆ ಒಂದು ಕ್ರಮವಿತ್ತು. ಊರಿಗೆ ಹೋದ ದಿನ ಗೋಡೆಯ ಉದ್ದ, ದಪ್ಪ ಅಳೆಯುವುದು, ಗುಂಡು ಬಿಟ್ಟು ಆಳ ನೋಡುವುದು, ಮೊಳೆಯಿಂದ ಗಾರೆ ಕೆರೆಯುವುದು. ಇದನ್ನು ಯಾರಾದರೂ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಮಾತ್ರ ನಾನು ಬಾವಿಯ ಹತ್ತಿರ ಹೋಗುತ್ತಿರಲಿಲ್ಲ. ದೂರದಲ್ಲಿ ಒಂದು ಗಿಡದ ಬುಡಕ್ಕೆ ಕೂತು, ನೀರು ಹೊತ್ತು ಹೋಗುವ ಹೆಂಗಸರ ಸೀರೆ ನೋಡುತ್ತಿದ್ದೆ. ಮೇಲಿನಿಂದ ಸೇದಿದವರ ಸೀರೆ ಸೊಂಟದ ಹತ್ತಿರ ಒದ್ದೆಯಾಗಿರುತ್ತದೆ, ನೀರಿಗಿಳಿದವರದು ಕಾಲ ಹತ್ತಿರ. ಗೋಡೆ ಏನು ಬೇಕಾದರೂ ಹೇಳಲಿ, ಸೀರೆ ಸುಳ್ಳು ಹೇಳುವುದಿಲ್ಲ. ನಮ್ಮ ಸೇಡಂ ಪಕ್ಕದ ಮುಧೋಳದ ಕಡೆ, ಗುಂಡಗುರ್ತಿಯ ಕಡೆ ಹೀಗೇ ನೋಡಿದೆ. ಒಂದೆಡೆ ರಾಟೆ ಬಡಬಡ ಎನ್ನುತ್ತಿತ್ತು, ಇನ್ನೊಂದೆಡೆ ಗಾರೆ ಉದುರುತ್ತಿತ್ತು, ಆದರೆ ಸೀರೆಯೆಲ್ಲ ಸೊಂಟದಲ್ಲೇ ಒದ್ದೆ. ಸಮಾಧಾನವಾಗಿ ಮುಂದೆ ಹೋದೆ.

ಕೊನೆಯ ಊರು ಚಿಂಚೋಳಿ ದಾಟಿ ಕುಂಚಾವರಂ ದಾರಿಯಲ್ಲಿ, ಕಾಡು ಶುರುವಾಗುವ ಮೊದಲು. ಚಿಂಚೋಳಿಯವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ಜೊತೆಗೆ ಆ ಬಾವಿ ಕಟ್ಟಿಸಿದ ಓವರ್‌ಸಿಯರ್ ಇದ್ದರು. ಶಹಾಬಾದಿನವರು, ಮುಸಲ್ಮಾನರು, ವಯಸ್ಸಾದವರು, ತಲೆಯ ಮೇಲೆ ಯಾವಾಗಲೂ ಒಗೆದ ಟೋಪಿ. ದಾರಿಯುದ್ದಕ್ಕೂ ತಮ್ಮೂರ ಫರ್ಸಿ ಕಲ್ಲಿನ ಹೊಗಳಿಕೆಯೇ. ಗೋಡೆಯನ್ನು ನೋಡಿದಾಗ ಆ ಹೊಗಳಿಕೆ ಜಾಸ್ತಿ ಎನಿಸಲಿಲ್ಲ. ಕಲ್ಲಿಗೆ ಕಲ್ಲು ಕೂಡಿಸಿ, ಸಂದಿಗೆ ಸಿಮೆಂಟು ತುಂಬಿ, ಮೆಟ್ಟಿಲುಗಳ ಬಾಯಿಗೆ ಅಡ್ಡವಾಗಿ ಎಬ್ಬಿಸಿದ್ದರು. ನನ್ನ ಮೊಳೆ ಸೋತಿತು.

"ಹ್ಯಾಂಗದರಿ ಸಾಬ್?" ಎಂದರು.

"ಭಾಳ ಛಲೋ ಅದರಿ," ಎಂದೆ. ಮನಸ್ಸಿನಿಂದಲೇ ಹೇಳಿದೆ.

ಮರುದಿನ ಬೆಳಿಗ್ಗೆ ಹುಣಸೆ ಗಿಡದ ಬುಡಕ್ಕೆ ಕೂತೆ. ಮೊದಲು ಬಂದವಳ ಸೀರೆ ಸೊಂಟದಲ್ಲಿ ಒದ್ದೆ. ಹಿಂದಿನವಳದು ಕಾಲಲ್ಲಿ. ಅವಳ ಹಿಂದಿನವಳದೂ ಕಾಲಲ್ಲಿ. ಕಣ್ಣು ಉಜ್ಜಿಕೊಂಡು ಮುಂದಕ್ಕೆ ಬಾಗಿ ನೋಡುವಷ್ಟರಲ್ಲಿ ತಲೆಯ ಮೇಲಿಂದ ಒಂದು ದನಿ ಬಂತು.

"ಏನ್ರಿ ಯಪ್ಪಾ, ಮುಂಜಾನಿ ಎದ್ದು ಹೆಣ್ಮಕ್ಕಳ ಕಾಲು ನೋಡ್ಕೋತ ಕುಂತೀರಿ? ನಿಮಗ ಮನಿಯಾಗ ಯಾರೂ ಇಲ್ಲೇನು?"

ನೋಡಿದರೆ ಒಬ್ಬ ಮುದುಕಿ, ಕೈಯಲ್ಲಿ ಕೋಲು. ಊರ ಸೂಲಗಿತ್ತಿ, ಆ ಊರಿನ ಅರ್ಧ ಜನ ಅವಳ ಕೈಗೇ ಹುಟ್ಟಿದವರು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ನಾನು ಸರ್ಕಾರಿ ತನಿಖೆಯವನು ಎಂದು ಹೇಳಿದೆ. "ಸರ್ಕಾರ ಈಗ ಕಾಲೂ ತನಖಿ ಮಾಡ್ತದೇನು?" ಎಂದು ಗೊಣಗುತ್ತ ಹೋದಳು. ಬೆವರು ಒರೆಸಿಕೊಂಡು ಎದ್ದವನು ನೇರ ಗೋಡೆಯ ಹಿಂಬದಿಗೆ ಹೋದೆ. ಮೂಲೆಯಲ್ಲಿ, ಜಾಲಿಯ ಮರೆಯಲ್ಲಿ, ಒಂದು ಫರ್ಸಿ ಕಲ್ಲನ್ನು ಓರೆಯಾಗಿ ಆನಿಸಿ ಇಟ್ಟಿದ್ದರು. ಕೈಯಿಂದ ಸರಿಸಿದೆ. ಒಬ್ಬರು ಬಗ್ಗಿ ಹೋಗುವಷ್ಟು ಕಿಂಡಿ, ಅದರಾಚೆ ಸವೆದ ಹಳೆಯ ಮೆಟ್ಟಿಲುಗಳು, ಕೆಳಗೆ ನೀರಿನಲ್ಲಿ ಕೊಡ ಅದ್ದುತ್ತ ನಿಂತ ಹೆಂಗಸರು.

ಓವರ್‌ಸಿಯರ್ ನನ್ನ ಹಿಂದೆಯೇ ಬಂದು ನಿಂತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

"ನಿಮಗ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು ಸಾಬ್. ಖರೇ ಹೇಳ್ತೀನಿ, ನಾನೇ ಬಿಡಿಸೀನಿ."

ಕೂತು ಎಲ್ಲ ಹೇಳಿದರು. ಗೋಡೆ ಕಟ್ಟಿದ ಗೌಂಡಿ ಆ ಮುದುಕಿಯ ಮಗನೇ. ಗೋಡೆ ಮುಗಿಯುವ ಹೊತ್ತಿಗೆ ಅವನ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಆ ಸೀಮೆಯಲ್ಲಿ ಬಾಣಂತಿ ಗಂಗೆಯ ಪೂಜೆ ಮಾಡದೆ ಹೊರಗಿನ ಕೆಲಸಕ್ಕೆ ಕೈ ಹಾಕುವಂತಿಲ್ಲ. ನೀರಿನ ದಡಕ್ಕಿಳಿದು, ಐದು ನುಣುಪು ಕಲ್ಲಿನ ಹಳ್ಳು ಇಟ್ಟು, ಅರಿಶಿನ ಕುಂಕುಮ ಏರಿಸಿ, ದೀಪ ಹಚ್ಚಿ, ಸಣ್ಣ ಕೊಡದಲ್ಲಿ ನೀರು ತಂದರೆ ಮಾತ್ರ ಅವಳು ಮತ್ತೆ ಮನೆಯವಳು. ಹೈದರಾಬಾದಿನಲ್ಲಿ ನಕ್ಷೆ ಬರೆದವರಿಗೆ ಇದು ತಿಳಿಯದು, ಯಾರೂ ಕೇಳಿಯೂ ಇರಲಿಲ್ಲ. ಮುದುಕಿ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳಂತೆ. "ಗಂಗಮ್ಮನ ಮನಿಗೇ ಗ್ವಾಡಿ ಹಾಕ್ತೀರೇನ್ರಿ?" ಎಂದಳಂತೆ. ಮಗನ ಕೈ ಕಲ್ಲೆತ್ತಲಿಲ್ಲ. ಬಾಣಂತಿಯರಿಗೆ, ಹೊಸ ಮದುವಣಗಿತ್ತಿಯರಿಗೆ ಮಾತ್ರ ಎಂದು ಕಿಂಡಿ ಬಿಟ್ಟರು. ಆಮೇಲೆ ಒಬ್ಬಳ ಹಗ್ಗ ಹರಿಯಿತು, ಒಬ್ಬಳಿಗೆ ಸೊಂಟ ನೋವು, ಒಬ್ಬಳಿಗೆ ರಾಟೆಯ ಪಾಳಿ ಕಾಯಲು ಪುರುಸೊತ್ತಿಲ್ಲ. ಕಿಂಡಿ ಎಲ್ಲರದಾಯಿತು.

"ಆದರ ಕಾಗದದ ಮ್ಯಾಲ ಪೂರಾ ಮುಚ್ಚೀನಿ ಅಂತ ಬರದೀರಲ್ರಿ?"

"ಬರದೀನಿ. ಬರೇ ಬಾಣಂತೇರಿಗೆ ಅಂತ ಬರೀಲಿಕ್ಕೆ ಆ ಫಾರಮಿನ್ಯಾಗ ಜಾಗಾ ಎಲ್ಲದ ಸಾಬ್?"

ನಗು ಬರಬೇಕಾಗಿತ್ತು, ಬರಲಿಲ್ಲ. ಅವರ ಮೇಲೆ ರೇಗಿದೆ. ಹಿರಿಯರೆಂದೂ ನೋಡದೆ ರೇಗಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಅಲ್ಲಿಂದ ಗೌಂಡಿಯ ಮನೆಗೆ ಹೋದೆ, ಅವನ ಹೇಳಿಕೆ ಬರೆದುಕೊಳ್ಳಲು. ಪಡಸಾಲೆಯಲ್ಲಿ ಅವನ ಮಗಳು ಕೂತಿದ್ದಳು. ಈಗ ಎರಡನೆಯ ಹೆರಿಗೆ. ಮಡಿಲಲ್ಲಿ ಎಳೆಯ ಹೆಣ್ಣುಕೂಸು. ಚಾಚಿದ ಬಲಗಾಲಿನ ಮೀನಖಂಡದ ಕೆಳಗೆ ಬಟ್ಟೆಯ ಪಟ್ಟಿ, ಪಟ್ಟಿಯೊಳಗಿಂದ ಇಣುಕುವ ಒಂದು ಕಡ್ಡಿ. ಅದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಮನೆಯ ಒಲೆಯ ಮುಂದೆ ಅವ್ವ ಹೀಗೇ ಒಂದು ಕಾಲು ಚಾಚಿ ಕೂತಿರುತ್ತಿದ್ದಳು.

"ಬರ್ರಿ ಸಾಹೇಬ್ರೆ, ಕುಂದ್ರಿ," ಎಂದ ಗೌಂಡಿ. "ಸೋಮವಾರ ಮಗಳ ಗಂಗಿ ಪೂಜಿ ಅದ. ನಿಂತು ಊಟ ಮಾಡ್ಕೊಂಡೇ ಹೋಗ್ರಿ."

"ಈ ಕಾಲ ತಗೊಂಡು ನೀರಿಗಿ ಇಳೀತಾಳೇನು?"

"ನಾನೇ ಎತ್ಗೊಂಡು ಇಳಸ್ತೀನಿ."

ಹುಳು ಬಾಯಿ ತೆರೆದಿರುವ ಆ ಕಾಲು ಒಮ್ಮೆ ನೀರು ಮುಟ್ಟಿದರೆ ಸಾಕು. ಆ ನೀರನ್ನು ಇಡೀ ಊರು ಕುಡಿಯುತ್ತದೆ, ಮುಂದಿನ ಬೇಸಿಗೆಗೆ ಮನೆಮನೆಯಲ್ಲಿ ಒಂದು ಕಾಲು ಹೀಗೆ ಚಾಚಿಕೊಳ್ಳುತ್ತದೆ, ಅವಳ ಮಡಿಲಿನ ಕೂಸನ್ನೂ ಬಿಡುವುದಿಲ್ಲ. ಸೋಮವಾರದೊಳಗೆ ಆ ಕಿಂಡಿ ಮುಚ್ಚಲೇಬೇಕು.

ಮೊದಲ ಪ್ರಯತ್ನ ಅಧಿಕಾರದ್ದು. ಓವರ್‌ಸಿಯರ್‌ಗೆ ಹೇಳಿ ಅಂದೇ ಸಂಜೆ ಕಲ್ಲು ಇಟ್ಟು ಸಿಮೆಂಟು ಮೆತ್ತಿಸಿದೆ. ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲುಗಳನ್ನು ಒಂದೊಂದಾಗಿ ತೆಗೆದು, ಒಂದೂ ಒಡೆಯದ ಹಾಗೆ, ಪಕ್ಕದಲ್ಲಿ ಸಾಲಾಗಿ ಪೇರಿಸಿದ್ದರು. ಮೆತ್ತಿದ್ದ ಹಸಿ ಸಿಮೆಂಟನ್ನು ಕೂಡ ಕೆರೆದು ಒಂದು ಬುಟ್ಟಿಗೆ ತುಂಬಿಟ್ಟಿದ್ದರು, ಸರ್ಕಾರದ ಮಾಲು ಹಾಳಾಗಬಾರದೆಂದು. ಯಾರು ಮಾಡಿದರೆಂದು ಕೇಳಿದೆ. ಊರಿಗೆ ಊರೇ ಆಕಾಶ ನೋಡಿತು.

ಎರಡನೆಯದು ಉಪದೇಶದ್ದು. ಹನುಮಪ್ಪನ ಗುಡಿಯ ಕಟ್ಟೆಗೆ ಜನರನ್ನು ಕೂಡಿಸಿ, ಹುಳು, ಮರಿ, ನೀರು ಎಲ್ಲ ವಿವರಿಸಿದೆ. ಒಳ್ಳೆಯ ಭಾಷಣವೆಂದೇ ನನ್ನ ಭಾವನೆ. ಮುದುಕಿ ಮುಂದಿನ ಸಾಲಿನಲ್ಲೇ ಕೂತು ಎಲ್ಲ ಕೇಳಿದಳು.

"ಸಾಹೇಬ್ರೆ, ಒಂದು ಮಾತು ಕೇಳ್ಲಾ? ನಿಮ್ಮವ್ವ ನಿಮ್ಮನ್ನ ಹಡದಾಗ ಗಂಗಿ ಪೂಜಿ ಎಲ್ಲಿ ಮಾಡಿದ್ಲು?"

ನನ್ನ ಭಾಷಣ ಅಲ್ಲಿಗೆ ನಿಂತಿತು. ಸುಳ್ಳು ಹೇಳಲು ಆಗಲಿಲ್ಲ. "ಪಾವಟಿಗಿ ಬಾವ್ಯಾಗ," ಎಂದೆ. ಜನ ನಕ್ಕರು. ಆಮೇಲೆ ಅವ್ವನ ಕಾಲಿನ ಕತೆಯನ್ನೂ ಹೇಳಿದೆ. ಯಾವ ಸಲ ಇಳಿದಾಗ, ಯಾವ ಗುಟುಕಿನಲ್ಲಿ ಅವಳಿಗೆ ಅದು ಬಂತೋ ನನಗೆ ಗೊತ್ತಿಲ್ಲ, ಆದರೆ ಬಾವಿ ಅದೇ ಎಂದೆ. ನಗು ನಿಂತಿತು. ಮುದುಕಿ ಮಾತ್ರ ಎದ್ದು ಕೋಲು ಊರಿಕೊಂಡು ಹೊರಟಳು. "ಪಾಪ," ಎಂದಷ್ಟೇ ಅಂದಳು. ಅದು ನನ್ನ ಅವ್ವನಿಗೋ ನನಗೋ ತಿಳಿಯಲಿಲ್ಲ.

ನಿಯಮದ ಪ್ರಕಾರ ನನ್ನ ಕೆಲಸ ಮುಗಿದಿತ್ತು. ಕಂಡದ್ದನ್ನು ಬರೆಯಬೇಕು, ಸುಳ್ಳು ಸಹಿಗೆ ಜವಾಬ್ದಾರರನ್ನು ಗುರುತಿಸಬೇಕು, ಊರು ಬಿಡಬೇಕು. ತನಿಖೆಯವನು ಒಂದು ಇಟ್ಟಿಗೆಯನ್ನೂ ಇಡಿಸುವಂತಿಲ್ಲ. ಇಡಿಸಿದರೆ ನಾಳೆ ಅದರ ಲೆಕ್ಕ ಕೇಳುವವರು ಯಾರು? ಬರೆಯಲು ಕೂತೆ. ಓವರ್‌ಸಿಯರ್ ಹೆಸರು ಬರೆದು, ಮುಂದೆ ಬರೆಯಲಾಗದೆ ಪೆನ್ನು ಕೆಳಗಿಟ್ಟೆ. ನಾನು ಎಷ್ಟು ಕಟುವಾಗಿ ಬರೆದರೂ ಆ ಕಾಗದ ಸೋಮವಾರದೊಳಗೆ ಚಿಂಚೋಳಿಯನ್ನೂ ದಾಟುವುದಿಲ್ಲ. ಹೊರಡಲು ನಿಂತಿದ್ದ ಗಾಡಿಯನ್ನು ಕಳಿಸಿಬಿಟ್ಟೆ. ಇಲಾಖೆ ಕೇಳದೆ ಬಿಟ್ಟ ಪ್ರಶ್ನೆಯನ್ನು ನಾನಾದರೂ ಕೇಳೋಣವೆಂದು ಮುದುಕಿಯ ಮನೆಗೆ ನಡೆದೆ.

ಅವಳು ಮೊಮ್ಮಗಳ ಕಾಲಿನ ಕಡ್ಡಿಯನ್ನು ಒಂದು ಸುತ್ತು ತಿರುವುತ್ತಿದ್ದಳು. ಮುಗಿಯುವವರೆಗೆ ಕಾದೆ.

"ಆಯಿ, ಗಂಗಿ ಪೂಜಿಗಿ ಏನೇನು ಬೇಕು? ಇಳೀಲೇಬೇಕೇನು?"

ಅನುಮಾನದಿಂದ ನೋಡಿದಳು. ಆಮೇಲೆ ಹೇಳಿದಳು. ಮನೆಗೆ ಹೊತ್ತು ತಂದ ನೀರು ನಡೆಯದು, ಅದು ಕೊಡದ ನೀರು, ಗಂಗೆಯಲ್ಲ. ತಾಮ್ರ ಹಿತ್ತಾಳೆಯೊಳಗೆ ಇರಬಾರದು. ಗಂಗೆ ತನ್ನ ಜಾಗದಲ್ಲೇ, ಬಾವಿಯ ಹತ್ತಿರವೇ ಇರಬೇಕು, ಕಲ್ಲಿನ ಮೇಲೆ ಇರಬೇಕು, ಬಾಣಂತಿ ಬಗ್ಗಿ ಕೈಯಿಂದ ಮುಟ್ಟಬೇಕು.

"ಕೈಲೆ ಮುಟ್ಟಿದ್ರ ಸಾಕೇನು? ಕಾಲು ಇಡಬೇಕಂತಿಲ್ಲ?"

"ದೇವರಿಗಿ ಯಾರರೇ ಕಾಲು ಹಚ್ತಾರೇನ್ರಿ?" ಎಂದು ಗದರಿದಳು. ಗದರಿ, ತನ್ನ ಮಾತು ತಾನೇ ಕೇಳಿಸಿಕೊಂಡವಳಂತೆ ಮೊಮ್ಮಗಳ ಕಾಲಿನ ಪಟ್ಟಿ ನೋಡಿದಳು.

ಬಾಗಿಲಲ್ಲಿ ನಿಂತಿದ್ದ ಗೌಂಡಿ ನನ್ನ ಮುಖ ನೋಡಿದ, ನಾನು ಅವನದು ನೋಡಿದೆ. ಗೋಡೆಗೆ ತಂದ ಫರ್ಸಿ ಕಲ್ಲು ಮಿಕ್ಕು ಬಾವಿಯ ಹತ್ತಿರವೇ ಬಿದ್ದಿದ್ದವು. ಸೇದುವ ಕಟ್ಟೆಗೆ ಒತ್ತಿ ಒಂದು ಕಲ್ಲಿನ ತೊಟ್ಟಿ ಮಾಡಿದರೆ, ರಾಟೆಯಿಂದ ಸೇದಿದ ಬಾವಿಯ ನೀರು ನೇರ ಅದಕ್ಕೇ ಬೀಳುತ್ತದೆ. ತುಂಬಿ ಹರಿದದ್ದು ಬಾವಿಗೆ ಮರಳದೆ ಹೊರಗಿನ ಮೋರಿಗೆ ಹೋಗಬೇಕು, ಅಷ್ಟೇ.

"ಜರಾ ವಿಚಾರ ಮಾಡ್ರಿ ಸಾಬ್," ಎಂದರು ವಿಷಯ ಕೇಳಿ ಬಂದ ಓವರ್‌ಸಿಯರ್. "ಎಸ್ಟಿಮೇಟಿನ್ಯಾಗ ತೊಟ್ಟಿ ಇಲ್ಲ. ನಾಳಿ ನೀವೇ ಅದಕ್ಕ ಏತರಾಜು ಹಾಕ್ತೀರಿ."

ಏತರಾಜು ಎಂದರೆ ಆಕ್ಷೇಪಣೆ. ನಮ್ಮ ಕಚೇರಿಯಲ್ಲಿ ಎಲ್ಲರೂ ಹೆದರುತ್ತಿದ್ದ ಮಾತು.

"ಹಾಕ್ತೀನ್ರಿ. ಕಟ್ಟಿಸಿದವ ನಾನು ಅಂತ ಬರದಿಟ್ಟೇ ಹಾಕ್ತೀನಿ."

ಮೊದಲ ಸಲ ನಕ್ಕರು ಮನುಷ್ಯ. ಟೋಪಿ ಸರಿಮಾಡಿಕೊಂಡು ತಾವೇ ಕಲ್ಲು ಆರಿಸಲು ನಡೆದರು. ಗೌಂಡಿ ಕೆತ್ತಿದ, ಅವರು ಮಟ್ಟ ಹಿಡಿದರು, ನಾನು ನೀರು ಸುರಿದು ಸೋರುವಲ್ಲಿ ಬೆರಳಿಟ್ಟು ತೋರಿಸಿದೆ. ಎರಡು ಸಲ ಸೋರಿತು, ಎರಡು ಸಲ ಬಿಚ್ಚಿ ಕಟ್ಟಿದರು. ಊರು ಸುತ್ತ ನಿಂತು ತಮಾಷೆ ನೋಡಿತು. ನನ್ನ ನೌಕರಿಯಲ್ಲಿ ಎಷ್ಟೋ ಕಟ್ಟಡ ಅಳೆದಿದ್ದೇನೆ. ಕಟ್ಟುವಲ್ಲಿ ಕೈ ಒದ್ದೆ ಮಾಡಿಕೊಂಡದ್ದು ಅದೊಂದೇ. ಈಗಲೂ ಹಸಿ ಸಿಮೆಂಟಿನ ವಾಸನೆ ಬಂದರೆ ಆ ಬಿಸಿಲು, ಆ ಹುಣಸೆಯ ನೆರಳು, ಓವರ್‌ಸಿಯರ್ ಬಿಚ್ಚಿದ ಬುತ್ತಿಯ ಚಟ್ನಿ ನೆನಪಾಗುತ್ತವೆ.

ಸೋಮವಾರ ಬೆಳಿಗ್ಗೆ ಹೆಂಗಸರು ಕಿಂಡಿಯ ಹತ್ತಿರ ಕೂಡಿದ್ದರು, ತೊಟ್ಟಿಯ ಹತ್ತಿರ ಅಲ್ಲ. ಮುದುಕಿ ತೊಟ್ಟಿಯವರೆಗೆ ಬಂದಳು, ಸುತ್ತು ಹಾಕಿದಳು, ಕೋಲಿನಿಂದ ತಟ್ಟಿ ನೋಡಿದಳು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಗೌಂಡಿ ಮಗಳನ್ನು ಎತ್ತಿಕೊಂಡು ಬಂದ. ಇತ್ತ ಕಿಂಡಿ, ಅತ್ತ ತೊಟ್ಟಿ. ತಾಯಿಯ ಮುಖ ನೋಡುತ್ತ ನಡುವೆ ನಿಂತುಬಿಟ್ಟ.

ಆಗ ಮಾತಾಡಿದವಳು ಮಗಳು. ಅಲ್ಲಿಯವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ.

"ಅಪ್ಪಾ, ನನ್ನ ಇಲ್ಲೇ ಇಳಸು. ನಾ ಕೆಳಗ ಹೋಗಾಂಗಿಲ್ಲ. ನಂಗ ಆದದ್ದು ಸಾಕು, ನನ್ನ ಮಗಳಿಗಿ ಬ್ಯಾಡ."

ಮುದುಕಿ ಮೊಮ್ಮಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ರಾಟೆಯ ಹತ್ತಿರ ಹೋಗಿ ಹಗ್ಗಕ್ಕೆ ಕೈ ಹಾಕಿದಳು. ಸೇದಿದಳು, ಸುರಿದಳು, ಮತ್ತೆ ಸೇದಿದಳು. ಯಾರು ಕೈ ಕೊಡಲು ಬಂದರೂ ಬಿಡಲಿಲ್ಲ. ತೊಟ್ಟಿ ತುಂಬಿದ ಮೇಲೆ ಅಂಚಿನ ಮೇಲೆ ಐದು ಹಳ್ಳುಗಳನ್ನು ತಾನೇ ಜೋಡಿಸಿ, "ಬಾ, ಗಂಗವ್ವ ಮ್ಯಾಲ ಬಂದಾಳ," ಎಂದಳು.

ಮಗಳು ಒಂದೇ ಕಾಲೂರಿ ತೊಟ್ಟಿಯನ್ನು ಹಿಡಿದು ಬಗ್ಗಿದಳು. ಅರಿಶಿನ ನೀರಿನಲ್ಲಿ ಹರಡಿತು. ನಾನು ಹುಣಸೆ ಗಿಡದ ಕಡೆ ಮುಖ ತಿರುಗಿಸಿ ನಿಂತೆ. ಅಳುವುದನ್ನು ಊರಿಗೆ ತೋರಿಸುವ ಇಷ್ಟವಿರಲಿಲ್ಲ. ಅಂದು ಮಧ್ಯಾಹ್ನ ಗೌಂಡಿ ಯಾರೂ ಹೇಳದೆ ಕಿಂಡಿಗೆ ಕಲ್ಲು ಇಟ್ಟ. ಮರುದಿನ ಬೆಳಿಗ್ಗೆ ಹೋಗಿ ನೋಡಿದೆ, ಇಟ್ಟ ಕಲ್ಲು ಇಟ್ಟಂತೆಯೇ ಇತ್ತು.

ವರದಿಯಲ್ಲಿ ಎಲ್ಲವನ್ನೂ ಬರೆದೆ. ಸಹಿ ಸುಳ್ಳು ಎಂದು ಬರೆದೆ. ಊರನ್ನು ಒಂದು ಮಾತು ಕೇಳದೆ ನಕ್ಷೆ ಮಾಡಿದ ಮೇಲಿನವರ ತಪ್ಪು ಅದಕ್ಕಿಂತ ದೊಡ್ಡದೆಂದು ಬರೆದೆ. ಇನ್ನು ಮುಂದೆ ಪ್ರತಿ ಬಾವಿಗೂ ತೊಟ್ಟಿ ಸೇರಿಸಿರೆಂದು ಬರೆದೆ. ಕೊನೆಗೆ, ಮಂಜೂರಾತಿಯಿಲ್ಲದೆ ತನಿಖಾಧಿಕಾರಿಯ ಬಾಯಿಮಾತಿನ ಮೇಲೆ ಒಂದು ತೊಟ್ಟಿ ಕಟ್ಟಲಾಗಿದೆ, ವಿವರಣೆ ಪಡೆಯಬೇಕು ಎಂದು ನನ್ನ ಮೇಲೆ ನಾನೇ ಆಕ್ಷೇಪಣೆ ಹಾಕಿದೆ. ಮೇಲಿನವರ ತಪ್ಪಿನ ಬಗ್ಗೆ ಮೇಲಿನಿಂದ ಉತ್ತರ ಬರಲಿಲ್ಲ. ಓವರ್‌ಸಿಯರ್‌ಗೆ ಬಡ್ತಿ ತಪ್ಪಿತು. ಅವರು ನನ್ನ ಜೊತೆ ಮಾತು ಬಿಟ್ಟರು. ಬಿಡಲಿ, ಅವರ ಹಕ್ಕು ಅದು ಎಂದುಕೊಂಡರೂ ಸಂಕಟವಾಯಿತು. ಎಷ್ಟೋ ದಿನಗಳ ಮೇಲೆ ವಾಡಿ ಸ್ಟೇಷನ್ನಿನಲ್ಲಿ ಗಾಡಿ ಕಾಯುವಾಗ ಯಾರೋ ಪಕ್ಕದಲ್ಲಿ ಚಹಾದ ಕಪ್ಪು ಹಿಡಿದರು. ನೋಡಿದರೆ ಅದೇ ಒಗೆದ ಟೋಪಿ. "ನಾಲ್ಕು ಊರಾಗ ತೊಟ್ಟಿ ಹಾಕ್ಸೀನಿ ಸಾಬ್," ಎಂದರು. "ಈ ಸಲ ಎಸ್ಟಿಮೇಟಿನ್ಯಾಗ ಬರಕೊಂಡು." ಆ ಚಹಾದಂಥ ಚಹಾ ನಾನು ಮತ್ತೆ ಕುಡಿದಿಲ್ಲ.

ಆಮೇಲೆ ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ನಮ್ಮ ಜಿಲ್ಲೆಯ ಕಾಗದಗಳನ್ನು ಮೈಸೂರಿನವರಿಗೆ ಒಪ್ಪಿಸಲು ಆರಿಸುತ್ತಿದ್ದಾಗ ಕಚೇರಿಯ ಗುಮಾಸ್ತ ನನ್ನ ಆ ಆಕ್ಷೇಪಣೆಯ ಹಾಳೆ ಎತ್ತಿ ಹಿಡಿದು ನಕ್ಕ. "ರಾಜ್ಯನೇ ಹೋಯ್ತು ಸಾಹೇಬ್ರೆ, ನಿಮ್ಮ ತೊಟ್ಟಿ ಇನ್ನೂ ಬಾಕಿ ಅದ. ಹರದು ಒಗೀಲಾ?" ಬೇಡ ಎಂದೆ. ಕೇಳಿದ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಬೇಕೆಂದು ಅಷ್ಟು ವರ್ಷ ಊರೂರು ತಿರುಗಿದವನು ನಾನು. ನನಗೆ ಕೇಳಿದ ಪ್ರಶ್ನೆಯನ್ನು ಹೇಗೆ ಹರಿಯಲಿ? ಉತ್ತರ ಬರೆಯುವ ಮೊದಲು ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಚಿಂಚೋಳಿಯ ಬಸ್ಸು ಹತ್ತಿದೆ.

ಹುಣಸೆ ಗಿಡದ ಬುಡಕ್ಕೇ ಕೂತೆ. ಹೆಂಗಸರು ಬಂದರು, ಹೋದರು. ಸೀರೆಯೆಲ್ಲ ಸೊಂಟದಲ್ಲಿ ಒದ್ದೆ. ತೊಟ್ಟಿಯ ಅಂಚಿನ ಕಲ್ಲು ಅರಿಶಿನ ಹಿಡಿದು ಹಳದಿಯಾಗಿತ್ತು. ಅಷ್ಟರಲ್ಲಿ ಗೌಂಡಿಯ ಮಗಳು ಬಂದಳು, ತವರಿಗೆ ಬಂದಿದ್ದಳಂತೆ. ಸ್ವಲ್ಪ ಕುಂಟುತ್ತಿದ್ದಳು, ಥೇಟು ಅವ್ವನ ಹಾಗೆ. ಆದರೆ ಅವಳ ಮುಂದೆ, ಅಂದು ಮಡಿಲಲ್ಲಿದ್ದ ಕೂಸೇ ಈಗ ಪುಟ್ಟ ಹುಡುಗಿಯಾಗಿ, ತಲೆಯ ಮೇಲೆ ಚೊಂಬು ಇಟ್ಟುಕೊಂಡು, ನೀರು ತುಳುಕಿಸುತ್ತ ಓಡಿ ಬರುತ್ತಿತ್ತು. ನನ್ನ ಕಣ್ಣು ಅದರ ಕಾಲಿನ ಮೇಲೆ ನೆಟ್ಟಿತು. ಧೂಳು ಬಿಟ್ಟರೆ ಆ ಕಾಲುಗಳಲ್ಲಿ ಒಂದು ಕಲೆಯೂ ಇರಲಿಲ್ಲ.

ತಾಯಿ ನನ್ನ ಗುರುತು ಹಿಡಿದು ನಕ್ಕಳು.

"ಆಯಿ ಹ್ವಾದ ವರ್ಷ ತೀರ್ಕೊಂಡ್ಲು ಸಾಹೇಬ್ರೆ. ಇದ್ದಿದ್ರ ಇವತ್ತೂ ಬೈತಿದ್ಲು, ಮತ್ತ ಬಂದು ಹೆಣ್ಮಕ್ಕಳ ಕಾಲು ನೋಡ್ಲಿಕತ್ತೀರಿ ಅಂತ."

"ಬೈಲಿ ಬಿಡವ್ವ," ಎಂದೆ. "ಇನ್ನೊಂದು ಸಲ ನೋಡ್ತೀನಿ." ಹುಡುಗಿ ಆಗಲೇ ಖಾಲಿ ಚೊಂಬು ಹಿಡಿದು ತೊಟ್ಟಿಯ ಕಡೆಗೆ ಓಡುತ್ತಿತ್ತು.